ಭಂಡಾರದ ಬಣ್ಣದ ದೀಪ

ನಿಪ್ಪಾಣಿ,
ತಾ. ೨ ನವೆಂಬರ್ ೧೯೯೩, ಮಂಗಳವಾರ

ಪ್ರೀತಿಯ ತಮ್ಮ ಭೂಪಾಲನಿಗೆ, ಅಣ್ಣ ನೇಮಿನಾಥ ದೂರದಿಂದಲೇ ನಿನ್ನ ತಲೆ ಸವರಿ ಬರೆಯುವುದು.

ಆರಾಮ ಇದ್ದೀಯಲ್ಲ? ಪುಣೆಯಲ್ಲಿ ಆಗಲೇ ಥಂಡಿ ಬಿದ್ದಿರಬೇಕು. ಹೋದ ವರ್ಷ ಇದೇ ದಿನಗಳಲ್ಲಿ ನಿನಗೆ ಕೆಮ್ಮು ಹತ್ತಿ ಎರಡು ತಿಂಗಳು ಬಿಡಲಿಲ್ಲ. ಲ್ಯಾಬಿನ ಆ ತಂಪು ಕೋಣೆಯಲ್ಲಿ ಕೂತು ಯಂತ್ರದ ಕನ್ನಡಿ ಒರೆಸುವಾಗ ಕಿವಿಗೆ ಮಫ್ಲರ್ ಸುತ್ತಿಕೊ, ಯಾರು ನಕ್ಕರೂ ನಗಲಿ. ಅವ್ವ ಚೆನ್ನಾಗಿದ್ದಾಳೆ. ಮೊಣಕಾಲು ಮಾತ್ರ ಕೇಳುತ್ತಿಲ್ಲ, ಬಸದಿಯ ಮೆಟ್ಟಿಲು ಹತ್ತುವಾಗ ನನ್ನ ಹೆಗಲು ಬೇಕು. ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ನಿನ್ನ ಸುದ್ದಿ ತೆಗೆಯುತ್ತಾಳೆ. ಹದಿನೈದು ವರ್ಷದಿಂದ ಹೊಟ್ಟೆಗೆ ಹಾಕುತ್ತಿರುವವನು ನಾನು, ಹೊಗಳಿಸಿಕೊಳ್ಳುವವನು ನೀನು. ಇರಲಿ, ಸಣ್ಣ ಮಗ ಅಂದರೆ ಹಾಗೇ.

ಈಗ ಸುದ್ದಿಗೆ ಬರುತ್ತೇನೆ. ನಮ್ಮ ತಂಬಾಕಿನ ವಖಾರಿಯಲ್ಲಿ ಕೂಲಿ ಮಾಡುತ್ತಿದ್ದ ತಾರವ್ವ ತೀರಿಕೊಂಡಳು. ಹುಳ ಕೊಲ್ಲಲು ಬಿಟ್ಟ ಗ್ಯಾಸು ಕುಡಿದು ಸತ್ತಳು. ಗ್ಯಾಸು ಪತ್ತೆಹಚ್ಚುವ ನಿನ್ನ ಡಬ್ಬಿ ಇದ್ದೂ ಸತ್ತಳು. ಬರುವ ಸೋಮವಾರ ಬೆಳಗಾವಿಯಿಂದ ಇನ್ಸ್‌ಪೆಕ್ಟರ್ ಬಂದು ತಪ್ಪು ಯಾರದೆಂದು ಬರೆದುಕೊಂಡು ಹೋಗುತ್ತಾರೆ. ನನ್ನದೆಂದು ಬರೆದರೆ ವಖಾರಿಗೆ ಬೀಗ, ನನಗೆ ಜೈಲು. ನಿನ್ನ ಡಬ್ಬಿಯದೆಂದು ಬರೆದರೆ ಹೋಗುವುದು ಒಂದು ಡಬ್ಬಿ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನೀನು ಅಳುಮುಂಜಿ. ತಾರವ್ವನ ಹೆಸರು ಓದಿದ ಕೂಡಲೇ ಪತ್ರ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತೀ. ಒರೆಸಿಕೊಂಡು ಮುಂದೆ ಓದು.

ನೀನು ಆ ಡಬ್ಬಿ ಮಾಡಿದ್ದೇ ಅವಳಿಗಾಗಿ ಎಂದು ನನಗೆ ಗೊತ್ತು. ತಂಬಾಕಿಗೆ ಹುಳ ಬೀಳಬಾರದೆಂದು ಚೀಲಗಳ ಮೇಲೆ ತಾಡಪತ್ರಿ ಹೊದಿಸಿ, ಬಾಗಿಲಿಗೆ ಕೆಸರು ಮೆತ್ತಿ, ಒಳಗೆ ವಿಷದ ಗಾಳಿ ಬಿಡುವುದು ಅಪ್ಪನ ಕಾಲದಿಂದಲೂ ಉಂಟು. ಮೂರನೆಯ ದಿನ ಬಾಗಿಲು ತೆರೆದಾಗ ಗಂಡನಿಲ್ಲದ ಹೆಂಗಸು ಮೊದಲು ಒಳಗೆ ಹೋಗಬೇಕು, ಅವಳು ತಾಡಪತ್ರಿ ಮಡಚಿ ನೆಟ್ಟಗೆ ಹೊರಗೆ ಬಂದರೆ ಉಳಿದವರು ಹೋಗಬೇಕು, ಇದೂ ಅಪ್ಪನ ಕಾಲದ್ದೇ. ಇಪ್ಪತ್ತು ವರ್ಷ ಆ ಪಾಳಿ ತಾರವ್ವನದಾಗಿತ್ತು. ನೀನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವಳು ಒಮ್ಮೆ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡು ಬಿದ್ದಳು, ನೀನು ಮೂರು ದಿನ ಊಟ ಬಿಟ್ಟೆ. ನಾನು ನಕ್ಕಿದ್ದೆ. ಆಮೇಲೆ ನೀನು ಕಲಿತೆ, ದೊಡ್ಡವನಾದೆ, ಆರು ವರ್ಷ ಕಷ್ಟಪಟ್ಟೆ, ಎಲೆ ಅಡಿಕೆ ಡಬ್ಬಿಯಷ್ಟು ಸಣ್ಣ ಯಂತ್ರ ಮಾಡಿ ಹೋದ ಯುಗಾದಿಗೆ ತಂದುಕೊಟ್ಟೆ. ನಾನು ಆಗಲೂ ನಕ್ಕೆ, ಆದರೆ ಒಳಗೊಳಗೇ ಹೆಮ್ಮೆಯಾಗಿತ್ತು. ಈಗ ಹೇಳಲು ಅಡ್ಡಿಯಿಲ್ಲ.

ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ನೀನು ವಿವರಿಸಿದ್ದೆಲ್ಲ ನನಗೆ ನೆನಪಿದೆ. ನಾನು ದಡ್ಡನಲ್ಲ, ಮ್ಯಾಟ್ರಿಕ್ ನಪಾಸ್ ಅಷ್ಟೇ. ಡಬ್ಬಿಯ ಒಂದು ಕಡೆಯಿಂದ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೊರಡುತ್ತದೆ, ಇನ್ನೊಂದು ಕಡೆ ಅದನ್ನು ನೋಡುವ ಕಣ್ಣಿದೆ. ನಡುವೆ ವಿಷದ ಗಾಳಿ ಬಂದರೆ ಆ ಬೆಳಕಿನಲ್ಲಿ ತನ್ನ ಪಾಲಿನಷ್ಟನ್ನು ಮಾತ್ರ ನುಂಗುತ್ತದೆ, ಎಷ್ಟು ನುಂಗಿತೆಂದು ಕಣ್ಣು ಹೇಳುತ್ತದೆ. ಬಿದಿರಿನ ಗಳದ ತುದಿಗೆ ಡಬ್ಬಿ ಕಟ್ಟಿ ಕಿಟಕಿಯಿಂದ ಒಳಗೆ ಇಳಿಬಿಡಬೇಕು, ಹಿಡಿಕೆಯ ಹತ್ತಿರ ದೀಪ ನೋಡಬೇಕು. ಹಸಿರು ಬಂದರೆ ಹೋಗು, ಕೆಂಪು ಬಂದರೆ ನಿಲ್ಲು. ಹಳದಿಯ ವಿಷಯವನ್ನು ನೀನು ಎರಡು ಸಲ ಹೇಳಿದೆ: “ದಾದಾ, ಹಳದಿ ಬಂದ್ರ ಯಾರನ್ನೂ ಒಳಗ ಬಿಡಬ್ಯಾಡ. ಕಣ್ಣ ಮುಚ್ಚೈತಿ, ನನಗೇನೂ ಕಾಣವಲ್ದು ಅಂತ ಅದು ಹೇಳಾಕತ್ತೈತಿ ಅಂತ ತಿಳಿ.” ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಯಂತ್ರವನ್ನು ನಿನ್ನಂಥವನೇ ಮಾಡಬೇಕು. ಡಾಕ್ಟರೂ ಹಾಗೆ ಹೇಳುವುದಿಲ್ಲ, ವಕೀಲರೂ ಹೇಳುವುದಿಲ್ಲ.

ಆರು ತಿಂಗಳು ಡಬ್ಬಿ ಚೆನ್ನಾಗಿ ನಡೆಯಿತು. ಎರಡು ಸಲ ಕೆಂಪು ತೋರಿಸಿತು, ಎರಡು ಸಲವೂ ಒಂದು ದಿನ ಕಾದೆವು. ಹಂಗಾಮಿನಲ್ಲಿ ಒಂದು ದಿನ ಕಾಯುವುದೆಂದರೆ ಏನೆಂದು ಲ್ಯಾಬಿನಲ್ಲಿ ಕೂತವನಿಗೆ ತಿಳಿಯದು, ಆದರೂ ಕಾದೆ. ಈ ಸಲದ ಗ್ಯಾಸು ಬೇರೆ ಕಡೆಯದು. ತಂಬಾಕಿಗೆ ವಾಸನೆ ಹಿಡಿಯುತ್ತದೆಂದು, ಜನ ಎಚ್ಚರಾಗಲೆಂದು ಸೇರಿಸುವ ಕಣ್ಣುರಿಯ ಬೆರಕೆ ಇಲ್ಲದ್ದನ್ನೇ ತರಿಸಿದ್ದೆ. ಮೂಗಿಗೂ ಹತ್ತುವುದಿಲ್ಲ, ಕಣ್ಣಿಗೂ ಹತ್ತುವುದಿಲ್ಲ. ಡಬ್ಬಿ ಇದೆಯಲ್ಲ ಎಂಬ ಧೈರ್ಯ. ದಸರೆಗೆ ಎರಡು ದಿನ ಮೊದಲು ಗ್ಯಾಸು ಬಿಟ್ಟು ಬಾಗಿಲು ಮೆತ್ತಿದೆವು.

ಮರುದಿನ ಆಯುಧಗಳ ಖಂಡೆಪೂಜೆ. ತಕ್ಕಡಿ, ತೂಕದ ಕಲ್ಲು, ಕೊಕ್ಕೆ, ಕುಡಗೋಲು ಎಲ್ಲ ಅಂಗಳದಲ್ಲಿ ಕಂಬಳಿಯ ಮೇಲೆ ಹೊಂದಿಸಿದ್ದರು. ನಿನ್ನ ಡಬ್ಬಿಗೆ ನಡುವಿನ ಜಾಗ. ಮುಕಾದಮ ಮಲಕಾರಿ ನಿನಗೆ ಗೊತ್ತಲ್ಲ, ಅಲಖನೂರಿನ ಕುರುಬರವನು, ಹಮಾಲರೆಲ್ಲ ಅವನ ಮಾತು ಮೀರುವುದಿಲ್ಲ. ಗುಡಿಯಿಂದ ಚೀಲ ತುಂಬ ಭಂಡಾರ, ದೇವರ ಅರಿಸಿನದ ಪುಡಿ, ತಂದಿದ್ದ. ತಕ್ಕಡಿಗೆ ಹಚ್ಚಿದ, ಕೊಕ್ಕೆಗೆ ಹಚ್ಚಿದ, ಡಬ್ಬಿಗೆ ಬಂದಾಗ ಮಾತ್ರ ಕೂತುಬಿಟ್ಟ. ಇದಕ್ಕೆ ಕಣ್ಣಿದೆ, ಕಣ್ಣಿಗೇ ಪೂಜೆಯಾಗಬೇಕು ಎಂದು ಭಂಡಾರವನ್ನು ಎಣ್ಣೆಯಲ್ಲಿ ಕಲಸಿ, ನೀನು ದಿನಾ ಸ್ಪಿರಿಟ್ ಹತ್ತಿಯಿಂದ ಒರೆಸಬೇಕೆಂದಿದ್ದ ಆ ಗಾಜಿಗೆ ಬೆರಳಿನಿಂದ ದಪ್ಪವಾಗಿ ಮೆತ್ತಿದ. ಭಕ್ತಿಯಲ್ಲಿ ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನೂ ಎರಡು ಹೂ ಇಟ್ಟೆ.

ದಸರೆಯ ಬನ್ನಿ ಮುರಿದ ಮರುದಿನ, ಸೋಮವಾರ ಬೆಳಿಗ್ಗೆ ಡಬ್ಬಿಯನ್ನು ಕಿಟಕಿಯಿಂದ ಇಳಿಬಿಟ್ಟರು. ಹಳದಿ ಬಂತು. ಅಲ್ಲಿಯವರೆಗೆ ನಮ್ಮ ವಖಾರಿಯಲ್ಲಿ ಯಾರೂ ಹಳದಿ ನೋಡಿರಲಿಲ್ಲ. ಮಲಕಾರಿ ಗಳ ಹಿಡಿದುಕೊಂಡೇ ಕೂಗಿದ: “ಸಾವಕಾರ್ರ, ನೋಡ್ರಿ! ಭಂಡಾರದ ಬೆಳಕ ಬಂದೈತಿ! ದೇವರು ಪೂಜಿ ಮುಟ್ಟಿಸ್ಕೊಂಡಾನ್ರಿ!” ಅರವತ್ತು ಜನ ಕೈ ಮುಗಿದರು. ಕೆಲವರು ಚಪ್ಪಲಿ ಬಿಟ್ಟರು. ತಾರವ್ವ ದೀಪಕ್ಕೆ ಹಣೆ ಹಚ್ಚಿ, “ಸಣ್ಣ ಸಾವಕಾರ್ರು ಮಾಡಿದ ಕಣ್ಣ, ಮ್ಯಾಲ ದೇವರ ಬೆಳಕ. ಇನ್ನ ನನಗ್ಯಾತರ ಅಂಜಿಕಿ?” ಎಂದಳು.

ನೀನು ಕೇಳೇ ಕೇಳುತ್ತೀ, ಆದ್ದರಿಂದ ಬರೆಯುತ್ತೇನೆ. ಹೌದು, ನನಗೆ ನೆನಪಿತ್ತು. ನೀನು ಎರಡು ಸಲ ಹೇಳಿದ್ದು ನೆನಪಿತ್ತು, ಗಾಜಿಗೆ ಮೆತ್ತಿದ್ದನ್ನು ಕಣ್ಣಾರೆ ಕಂಡಿದ್ದೆ. ಒರೆಸಿ ಇನ್ನೊಮ್ಮೆ ಇಳಿಬಿಡಿ ಎನ್ನಲು ಬಾಯಿ ತೆರೆದೆ ಕೂಡ. ಆದರೆ ಗುಜರಾತದ ಲಾರಿ ಎರಡು ದಿನದಿಂದ ಬಾಗಿಲಲ್ಲಿ ನಿಂತಿತ್ತು, ಹಬ್ಬದ ಮರುದಿನದ ಮೊದಲ ಕೆಲಸ, ಅರವತ್ತು ಜನ ಕೈ ಮುಗಿದು ನಿಂತಿದ್ದಾರೆ. ಅವರ ದೇವರು ಹೌದೆಂದಿದ್ದನ್ನು ಜೈನರ ಸಾವಕಾರ ಅಲ್ಲವೆಂದು ಒರೆಸಿಹಾಕಿದರೆ ಒಬ್ಬ ಹಮಾಲನೂ ಚೀಲ ಮುಟ್ಟುತ್ತಿರಲಿಲ್ಲ. ಮೂರು ದಿನವಾಗಿದೆ, ಗ್ಯಾಸು ಇಳಿದಿರಬಹುದು ಅಂದುಕೊಂಡೆ. ಬಾಯಿ ಮುಚ್ಚಿದೆ. ಎಂದಿನಂತೆ ಅಂಗಳದಲ್ಲೇ ನಿಂತೆ.

ತಾರವ್ವ ಹೋದಳು, ಅವಳ ಜೊತೆ ಹೊಳೆವ್ವ. ಹೊಳೆವ್ವನ ಗಂಡ ಶ್ರಾವಣದಲ್ಲಿ ಸತ್ತಿದ್ದರಿಂದ ಅವಳಿಗೂ ಪಾಳಿ ಬಂದಿತ್ತು. ಅರ್ಧ ಗಂಟೆಯಲ್ಲಿ ತಾಡಪತ್ರಿ ಮಡಚಿ ಇಬ್ಬರೂ ನೆಟ್ಟಗೇ ಹೊರಗೆ ಬಂದರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಬಾಗಿಲು ಹಾರು ಹೊಡೆದು ಗ್ಯಾಸು ಹೊರಗೆ ಹೋಗಿದ್ದರಿಂದ ಉಳಿದವರಿಗೆ ಏನೂ ಆಗಲಿಲ್ಲ. ಸಂಜೆ ತಾರವ್ವ ತಲೆ ಹಿಡಿದುಕೊಂಡು, “ತಂಬಾಕ ಏರೈತ್ರಿ, ಚಾ ಕುಡದ್ರ ಇಳೀತೈತಿ” ಎಂದು ಮನೆಗೆ ಹೋದಳು. ಮನೆಯಲ್ಲಿ ಫಿಟ್ಸ್ ಬಂದವು. ಮಿರಜದ ದವಾಖಾನೆಗೆ ಒಯ್ಯುವ ಜೀಪಿನಲ್ಲಿ ನಾಲಿಗೆ ಕಚ್ಚಿಕೊಂಡಳು, ಬೆಳಗಾಗುವಷ್ಟರಲ್ಲಿ ಮುಗಿಯಿತು. ಹೊಳೆವ್ವ ಬದುಕಿದ್ದಾಳೆ, ಆದರೆ ಕೈ ನಡುಗಿ ನೀರಿನ ತಂಬಿಗೆ ನಿಲ್ಲುವುದಿಲ್ಲ. ಅವಳ ಮಗಳೇ ತುತ್ತು ಉಣ್ಣಿಸುತ್ತಾಳೆ. ಡಾಕ್ಟರು ಹೀಗೇ ಇರುತ್ತದೆ ಎಂದಿದ್ದಾರೆ.

ಮಲಕಾರಿ ಊರಿಗೆ ಹೋಗಿ ಗುಡಿಯ ಮುಂದೆ ಬಿದ್ದಿದ್ದಾನಂತೆ. ತನ್ನ ಪೂಜೆಯಲ್ಲಿ ಏನೋ ಮೈಲಿಗೆಯಾಯಿತು, ಅದಕ್ಕೇ ದೇವರು ಆಡಿದ ಮಾತು ತಪ್ಪಿದ ಎಂದು ಅನ್ನ ಬಿಟ್ಟಿದ್ದಾನೆ. ಹಳದಿಯ ಅರ್ಥ ಸಾವಕಾರನಿಗೆ ಗೊತ್ತಿತ್ತು ಎಂದು ಒಂದು ಮಾತು ಹೇಳಿ ಕಳಿಸಿದರೆ ಅವನ ಎದೆಯ ಭಾರ ಇಳಿಯುತ್ತದೆ. ಇಳಿದದ್ದು ನನ್ನ ತಲೆಗೇ ಬರುತ್ತದೆ. ಆದ್ದರಿಂದ ಹೇಳಿ ಕಳಿಸಿಲ್ಲ.

ಜೊತೆಗೆ ಒಂದು ಕಾಗದ ಇಟ್ಟಿದ್ದೇನೆ. ‘ಡಬ್ಬಿ ಹಸಿರು ತೋರಿಸಿತು, ಅದು ನನ್ನ ತಯಾರಿಕೆಯ ದೋಷ’ ಎಂದು ನಿನ್ನ ಹೆಸರಿನಲ್ಲಿ ಬರೆದದ್ದು. ಹಳದಿ ಕಂಡ ಅರವತ್ತು ಜನ ನನ್ನ ಕೂಲಿಯವರೇ, ಕೇಳಿದರೆ ಹಸಿರೆಂದೇ ಹೇಳುತ್ತಾರೆ. ಸಹಿ ಮಾಡಿ ತಿರುಗು ಟಪಾಲಿಗೆ ಕಳಿಸು. ಡಿಸೆಂಬರದಲ್ಲಿ ನಿಮ್ಮ ಕಂಪನಿ ನೂರು ಡಬ್ಬಿ ಮಾಡುವ ಬಗ್ಗೆ ತೀರ್ಮಾನಿಸುತ್ತದೆಂದು ನೀನು ಬರೆದಿದ್ದೆ. ಇನ್ನು ಮಾಡಲಿಕ್ಕಿಲ್ಲ. ಇಲ್ಲಿಯ ಉಳಿದ ವಖಾರಿಯವರೂ ಬೇಡವೆಂದಿದ್ದಾರೆ, ಮೊದಲಿನಂತೆ ಗಂಡನಿಲ್ಲದವರನ್ನೇ ಕಳಿಸುತ್ತಾರೆ. ನಿನ್ನ ಹೊಟ್ಟೆ ಉರಿಯುತ್ತದೆ, ಉರಿಯಲಿ. ನೀನು ಕಲಿತವನು, ಇನ್ನೊಂದು ನೌಕರಿ ಸಿಗುತ್ತದೆ. ನನಗೆ ಇನ್ನೊಂದು ವಖಾರಿ ಸಿಗುವುದಿಲ್ಲ. ನಿನ್ನನ್ನು ಓದಿಸಿದ್ದು ಈ ವಖಾರಿಯೇ ಎಂಬುದನ್ನು ಮರೆಯಬೇಡ.

ಹಾಲು ಕುಡಿದು ಮಲಗು, ಹೊರಗಿನ ತಿಂಡಿ ತಿನ್ನಬೇಡ. ದೀಪಾವಳಿಗೆ ಬಾ, ಅವ್ವ ಈಗಲೇ ಕರ್ಚಿಕಾಯಿಗೆ ಕೊಬ್ಬರಿ ತರಿಸಿದ್ದಾಳೆ. ಭಗವಂತ ನಿನಗೆ ನೂರು ವರ್ಷ ಆಯುಷ್ಯ ಕೊಡಲಿ, ನನ್ನ ಕೈ ಎಂದೂ ನಿನ್ನ ಬೆನ್ನ ಮೇಲಿದೆ ಎಂದು ತಿಳಿ.

ನಿನ್ನ ಅಣ್ಣ,
ನೇಮಿನಾಥ

ತಾ.ಕ.: ಲಕೋಟೆ ಅಂಟಿಸುವ ಮೊದಲು ಖರೆ ಹೇಳಿಬಿಡುತ್ತೇನೆ. ನಿನ್ನ ಉತ್ತರ ಬರುವಷ್ಟರಲ್ಲಿ ಸೋಮವಾರ ಕಳೆದುಹೋಗುತ್ತದೆ. ಅದಕ್ಕೇ ಇಂಥದೇ ಇನ್ನೊಂದು ಕಾಗದಕ್ಕೆ ನಿನ್ನ ಸಹಿ ನಾನೇ ಹಾಕಿ ನಿನ್ನೆ ಬೆಳಗಾವಿಗೆ, ಇನ್ಸ್‌ಪೆಕ್ಟರರ ಕಚೇರಿಗೆ ಕೊಟ್ಟು ಕಳಿಸಿದ್ದೇನೆ. ಜೊತೆಗಿರುವುದು ಅದರ ಪ್ರತಿ, ಯಾರಾದರೂ ಕೇಳಿದರೆ ಇದರಲ್ಲಿದ್ದಂತೆಯೇ ಹೇಳು. ಸಹಿ ನನ್ನದಲ್ಲ ಎನ್ನಬೇಕೆಂದರೆ ಅನ್ನು. ಆದರೆ ನೀನು ಸಹಿ ಮಾಡಿದ್ದನ್ನು ಕಂಡೆನೆಂದು ಕೆಳಗೆ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದವಳು ಅವ್ವ, ಆಗ ಪೊಲೀಸರು ಅವಳನ್ನು ಕರೆದುಕೊಂಡು ಹೋಗುತ್ತಾರೆ. ಏನು ಕಾಗದ ಎಂದು ಕೇಳಿದಳು, ಕಾಗವಾಡದ ಹುಡುಗಿಯ ಜೊತೆ ನಿನ್ನ ಲಗ್ನ ನಿಶ್ಚಯದ ಕಾಗದ ಎಂದೆ. ಮಸಿ ಸರಿಯಾಗಿ ಮೂಡಲಿಲ್ಲವೆಂದು ತಾನೇ ಎರಡನೆಯ ಸಲ ಒತ್ತಿಕೊಟ್ಟಳು.