ಅಣ್ಣನ ಸೀಟಿನ ಪೇಢೆ

ಜಮಖಂಡಿ

ಅಪ್ಪನಿಗೆ ಕಾವ್ಯ ಮಾಡುವ ನಮಸ್ಕಾರ.

ಫೋನಿನಲ್ಲಿ ಸುದ್ದಿ ಕೇಳಿ ನೀವು "ಖರೇನ?" ಎಂದು ಮೂರು ಸಲ ಕೇಳಿದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಆಯುರ್ವೇದದ ಶಸ್ತ್ರಚಿಕಿತ್ಸೆಯ ಎಂ.ಎಸ್. ಸೀಟು ನನಗೆ ಸಿಕ್ಕಿದ್ದು ಖರೆ. ಇನ್ನಾದರೂ ಹೊಟ್ಟೆ ತುಂಬ ಊಟ ಮಾಡಿರಿ.

ಎಂ.ಬಿ.ಬಿ.ಎಸ್. ಓದಿದ ಚಿದಾನಂದಣ್ಣನಿಗೆ ಸರ್ಜರಿ ಸೀಟು ಸಿಕ್ಕು ತಿಂಗಳಾಯಿತು. ಅದನ್ನು ನೀವು ನಮ್ಮೂರು ರನ್ನ ಬೆಳಗಲಿಯಲ್ಲಿ ಯಾರಿಗೂ ಹೇಳಿಲ್ಲ. "ಈಗ ಪೇಢೆ ಹಂಚಿದ್ರ ಮಂದಿ ಮಗಳದೇನಾತು ಅಂತ ಕೇಳ್ತಾರ. ಆಕಿಗಿ ಗೊತ್ತಾಗೂದು ಬ್ಯಾಡ" ಎಂದು ಅವ್ವನಿಗೆ ಹೇಳಿದಿರಂತೆ. ಆದರೆ ಅಣ್ಣ ಆವತ್ತೇ ನನಗೆ ಹೇಳಿದ್ದ. ನೀವು ಇಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದೀರಲ್ಲ ಎಂದು ನಾನೂ ಗೊತ್ತಿಲ್ಲದವಳಂತೆ ಇದ್ದೆ.

ಈಗ ಅವನು, "ಮೂಲವ್ಯಾಧಿಗೆ ನಿಮ್ಮ ಔಷಧದ ದಾರ ಕಟ್ಟೂದು ಛಲೋ ತಂಗಿ, ಅಂಥ ಪೇಷಂಟ್ ನಿನ್ನ ಕಡೆನ ಕಳಸ್ತೇನಿ" ಎನ್ನುತ್ತಾನೆ. ಮೊದಲು ನಮ್ಮ ಕಾಕಾನನ್ನೇ ಕಳಿಸಲಿ. ನನ್ನನ್ನು ಕಷಾಯದ ಡಾಕ್ಟರು ಎಂದು ನಗುವ ಅವರೇ ಕುರ್ಚಿಯ ಮೇಲೆ ನೆಟ್ಟಗೆ ಕೂರಲಾರರು.

ನನ್ನದೊಂದು ಮಾತು ನಡೆಸಿಕೊಡಿರಿ. ಎರಡೂ ಸೀಟಿನ ಪೇಢೆ ಒಂದೇ ಬುಟ್ಟಿಯಲ್ಲಿ ಹಂಚಿರಿ. ಎರಡು ಬುಟ್ಟಿ ಕಂಡರೆ ಮಂದಿ ಯಾವುದು ಹೆಚ್ಚು ಸಿಹಿ ಎಂದು ನೋಡಲು ಶುರು ಮಾಡುತ್ತಾರೆ.

ನಿಮ್ಮ ಮಗಳು,
ಕಾವ್ಯ