ಇರಾನಿನ ಅಟ್ಟದ ಕಾಯಿ

ದಂಡಿನಶಿವರ
12 ಫೆಬ್ರವರಿ 2025

ಗೆಳೆಯ ತಿಮ್ಮರಾಜುವಿಗೆ,

ನೀನು ಪುಸ್ತಕದ ಕರಡು ಕಳಿಸಿ ಇಪ್ಪತ್ತಾರು ದಿನ ಆಯ್ತು. ‘ಒಂದೇ ವಾರದಲ್ಲಿ ತಿದ್ದಿ ಕಳಿಸು’ ಅಂದಿದ್ದೆ. ತಡಕ್ಕೆ ಕ್ಷಮೆ ಕೇಳುವುದು ಪದ್ಧತಿ; ಕೇಳಿದ್ದೀನಿ ಅಂದುಕೋ. ಮದುವೆ ಕಾಲ, ತುರುವೇಕೆರೆಯ ನನ್ನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳು ಎದೆ ಮಟ್ಟ ಬೆಳೆದು ನಿಂತಿವೆ. ಒಂದೊಂದಕ್ಕೂ ಪ್ರಾಸ ಕೇಳ್ತಾರೆ. ಮೊನ್ನೆ ಒಬ್ಬರಿಗೆ ‘ಬಾಳೆಲೆಯ ಮೇಲೆ ಪಾಯಸ, ಬಾಳಿನಲ್ಲಿ ಬೇಡ ಆಯಾಸ’ ಅಂತ ಬರೆದುಕೊಟ್ಟೆ. ಗಂಡಿನ ಅಪ್ಪ, ‘ಆಯಾಸ ಗೀಯಾಸ ಮದ್ವೆ ಕಾರ್ಡಲ್ಲಿ ಬ್ಯಾಡ ಕಣ್ರೀ’ ಅಂತ ಪಾಯಸವನ್ನೂ ಸೇರಿಸಿ ತೆಗೆಸಿದ. ಇಲ್ಲಿ ಸಾಹಿತ್ಯದ ಸ್ಥಿತಿ ಹೀಗಿದೆ.

ನಿಜ ಹೇಳಬೇಕೆಂದರೆ ಕರಡನ್ನು ಬಂದ ದಿನವೇ ಓದಿದೆ. ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಮೇಷ್ಟ್ರು, ನಡುವೆ ಬಾಯಿ ಹಾಕ್ತೀಯ. ಕಾಗದಕ್ಕೆ ಬಾಯಿ ಹಾಕಕ್ಕಾಗಲ್ಲ.

ಮುಖ್ಯವಾದ್ದನ್ನು ಮೊದಲೇ ಹೇಳಿಬಿಡ್ತೀನಿ. ಬೆನ್ನುಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದೀಯಲ್ಲ, ಆ ಇರಾನಿ ಹೆಂಗಸಿನ ಮಾತು, ಅದನ್ನು ತೆಗೆಸು. ಒಳಗೆ ನಲವತ್ತೊಂದನೇ ಪುಟದಲ್ಲೂ ಇದೆ, ಅಲ್ಲೂ ತೆಗೆಸು. ಮಾರ್ಚ್ ಮೊದಲ ವಾರ ಬಿಡುಗಡೆ ಅಂದಿದ್ದೀಯ; ಅಚ್ಚಿಗೆ ಹೋಗುವ ಮುಂಚೆ ಆಗಬೇಕು. ಯಾಕೆ ಅಂತ ಹೇಳ್ತೀನಿ. ಅದಕ್ಕೆ ಮುಂಚೆ ಉಳಿದ ಪುಟಗಳಿಗೂ ಒಂದಿಷ್ಟು ಮರ್ಯಾದೆ ಆಗಲಿ.

‘ನನ್ನ ಮೆಚ್ಚಿನ ಹತ್ತು ವಿದೇಶಿ ಚಿತ್ರಗಳು.’ ಲೇಖಕರು ಪ್ರೊ. ತಿಮ್ಮರಾಜ್. ಹೆಸರಿನ ಕೊನೆಯ ಕೊಂಬು ಯಾವಾಗ ಉದುರಿತೋ ಕಾಣೆ. ಮೈಸೂರಿನ ಹವೆಗಿರಬೇಕು.

ಜಪಾನಿನ ಸಿನಿಮಾದಲ್ಲಿ ಅಪ್ಪ ಮಗಳ ಮದುವೆಯ ಹಿಂದಿನ ದಿನ ಅವಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡ್ತಾನೆ, ಒಂದೂ ಮಾತಾಡಲ್ಲ. ನೀನು ಬರೀತೀಯ: ‘ಮೌನದಲ್ಲಿ ಪ್ರೀತಿಸುವ ಕಲೆ ಆ ದ್ವೀಪದವರಿಗೆ ಮಾತ್ರ ಸಿದ್ಧಿಸಿದೆ.’ ಲೇ, ನಿಮ್ಮಪ್ಪ ಚಿಕ್ಕಹನುಮಯ್ಯನೋರು ನಿಮ್ಮಮ್ಮನ ಜತೆ ಹನ್ನೊಂದು ವರ್ಷ ಮಾತಾಡಲಿಲ್ಲ. ಉಪ್ಪು ಬೇಕಾದರೆ ಕೊಟ್ಟಿಗೆ ಕಡೆ ತಿರುಗಿ ಹಸುವಿಗೆ ಹೇಳೋರು, ‘ಲೇ ಗೌರಿ, ಸಾರು ಸಪ್ಪಗೈತೆ ಅಂತ ಹೇಳೇ ಒಳಿಕ್ಕೆ.’ ಆಗ ನೀನು ಅದನ್ನು ಕಲೆ ಅನ್ನಲಿಲ್ಲ. ‘ನಮ್ಮಪ್ಪ ಮೃಗ ಕಣ್ಲಾ’ ಅಂತ ಹಾಸ್ಟೆಲಿನಲ್ಲಿ ನನ್ನ ಹೆಗಲ ಮೇಲೆ ಅತ್ತೆ. ಕನ್ನಡದಲ್ಲಿ ಮುನಿಸಿಕೊಂಡರೆ ಮೃಗ, ಜಪಾನಿಯಲ್ಲಿ ಮುನಿಸಿಕೊಂಡರೆ ಮೌನ.

ಫ್ರೆಂಚ್ ಸಿನಿಮಾದಲ್ಲಿ ನಾಲ್ಕು ಜನ ಎರಡು ಗಂಟೆ ಉಂಡರು; ಏಳುವಷ್ಟರಲ್ಲಿ ಯಾರ ಹೆಂಡತಿ ಯಾರ ಕಡೆ ಅನ್ನುವುದೇ ತಿಳಿಯಲಿಲ್ಲ. ಅದು ನಿನಗೆ ‘ಊಟದ ಮೇಜಿನ ತತ್ವಶಾಸ್ತ್ರ’. ಒಂದು ಸಲ ದಬ್ಬೇಘಟ್ಟದ ಕಡೆ ಬೀಗರೂಟಕ್ಕೆ ಬಂದು ಎರಡನೇ ಪಂಕ್ತೀಲಿ ಕೂತುಕೋ. ಮುದ್ದೆ ಮುರಿಯುವುದರೊಳಗೆ ಮೂರು ಮನೆ ಮುರೀತಾರೆ. ನಮ್ಮ ತತ್ವಶಾಸ್ತ್ರ ಬಾಳೆಲೆ ಮೇಲೆ ಇರುವುದರಿಂದ ನಿನ್ನ ಕಣ್ಣಿಗೆ ಬೀಳಲಿಲ್ಲ ಅಂತ ಕಾಣುತ್ತೆ.

ಫಿನ್‌ಲೆಂಡಿನ ಮುದುಕ ಇಪ್ಪತ್ತು ನಿಮಿಷ ಹಿಮ ನೋಡ್ತಾ ಕೂತದ್ದು ‘ಕಾಯುವಿಕೆಯ ಸೌಂದರ್ಯ’ ಅಂತೆ. ತಿಪಟೂರು ಬಸ್ಸಿಗೆ ಕಾಯುವ ಸೌಂದರ್ಯಗಳು ದಿನಾ ನಮ್ಮ ಸ್ಟ್ಯಾಂಡಿನಲ್ಲಿ ಬೀಡಿ ಸೇದ್ತಾ ಕೂತಿರ್ತವೆ. ಯಾವ ಪ್ರೊಫೆಸರೂ ಬಂದು ನೋಡಿದ್ದಿಲ್ಲ.

ನನಗೆ ಆ ಸಿನಿಮಾಗಳು ಹಿಡಿಸಲಿಲ್ಲ ಅಂತ ತಿಳೀಬೇಡ. ಆ ಹಿಮದ ಮುದುಕನನ್ನು ಮೂರು ಸಲ ನೋಡಿದ್ದೀನಿ. ಅವನ ಶೂಗಳ ಹಿಂಭಾಗ ತುಳಿದು ತುಳಿದು ಚಪ್ಪಟೆಯಾಗಿತ್ತು. ಹೆಂಡತಿ ಇದ್ದಿದ್ದರೆ ಬೈದು ಸರಿಯಾಗಿ ಹಾಕಿಸಿರೋಳು, ಈಗ ಬೈಯೋರಿಲ್ಲ ಅಂತ ನನ್ನ ಹೆಂಡತಿ ಶಿಲ್ಪಂಗೂ ತಿಳೀತು. ‘ಪಾಪ ಕಣ್ರೀ’ ಅಂದು ಎದ್ದು ಹೋಗಿ ನನ್ನ ಚಪ್ಪಲಿ ಜೋಡಿಸಿಟ್ಟಳು. ನೀನು ಆ ಶೂ ಬಗ್ಗೆ ಒಂದು ಸಾಲೂ ಬರೆದಿಲ್ಲ. ದೇಶ ಕಂಡವನಿಗೆ ಪಾದ ಕಾಣಲಿಲ್ಲ.

ಇಪ್ಪತ್ತೊಂದು ವರ್ಷದ ಹಿಂದೆ ನನ್ನ ತಂಗಿಯ ಸಂಬಂಧ ಒಪ್ಪಿ, ವೀಳ್ಯ ಬದಲಾಯಿಸಿ, ನಾಲ್ಕು ತಿಂಗಳಿಗೆ ಬೇಡ ಅಂದೆ. ‘ಸಿನಿಮಾ ನೋಡಿ ಚರ್ಚೆ ಮಾಡೋ ಹುಡುಗಿ ಬೇಕು ಕಣ್ಲಾ, ಗಂಗಾ ಒಳ್ಳೆಯವಳು, ಆದರೆ ಪಿಯುಸಿ’ ಅಂದೆ. ಆಗಲೂ ನಾನು ನಿನ್ನ ಜತೆ ಮಾತು ಬಿಡಲಿಲ್ಲ. ತಂಗಿಗಿಂತ ಗೆಳೆಯ ಹೆಚ್ಚಾ ಅಂತ ಅಮ್ಮ ಕೇಳಿದಳು. ಚರ್ಚೆ ಮಾಡಬಲ್ಲವರು ಬರೆಯುವ ಪುಸ್ತಕ ಹೇಗಿರುತ್ತೆ ಅಂತ ನೋಡಬೇಕು ಅನ್ನುವ ಆಸೆಯೊಂದಿತ್ತು. ನೋಡಿದೆ.

ಈಗ ಇರಾನು.

ಮೂರು ವರ್ಷದ ಹಿಂದೆ ತುರುವೇಕೆರೆಯ ಕಲ್ಯಾಣಮಂಟಪದ ಊಟದ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ, ಕಿಟಕಿಗಳಿಗೆ ಶಾಮಿಯಾನದ ಬಟ್ಟೆ ಕಟ್ಟಿ ಸಿನಿಮಾ ತೋರಿಸಿದ್ದು ನೆನಪಿದೆಯಲ್ಲ? ನೀನು ಮುಖ್ಯ ಅತಿಥಿ, ಮೂರನೇ ಸಾಲು. ಜನಕ್ಕೆ ಪರದೆ ಕೆಳಗಿನ ಇಂಗ್ಲಿಷ್ ಓದೋಕೆ ಬರಲ್ಲ ಅಂತ ನಾನು ಪಕ್ಕದಲ್ಲಿ ಮೈಕ್ ಹಿಡಿದು, ಅವರ ಮಾತನ್ನು ಇವರ ಮಾತಿನಲ್ಲಿ ಹೇಳಬೇಕು. ಅದಕ್ಕಾಗಿ ನೀನು ಇಂಗ್ಲಿಷ್ ಸಂಭಾಷಣೆಯನ್ನೆಲ್ಲ ನಲವತ್ತು ಹಾಳೆಗೆ ಹೊಡೆಸಿ ಮುಂಚೆಯೇ ಕಳಿಸಿದ್ದೆ. ಅವನ್ನು ನಾನು ಓದಲಿಲ್ಲ ಕಣಪ್ಪ. ಕನ್ನಡ ಮೀಡಿಯಂ ಬಿ.ಎ. ನಾನು, ಇಂಗ್ಲಿಷ್ ಸಾಲಿನ ಬಾಗಿಲು ತಟ್ಟುವುದರೊಳಗೆ ಅದು ಹಿತ್ತಿಲಿಂದ ಹೊರಟುಹೋಗಿರುತ್ತೆ. ಮುಖ ನೋಡಿ ಮಾತು ಕಟ್ಟಿದೆ. ಅರ್ಧ ಸಿನಿಮಾ ಆದ ಮೇಲೆ ಪರದೆ ಕೆಳಗಿನ ಅಕ್ಷರವೂ ನಿಂತುಹೋಯ್ತು. ಆಮೇಲೆ ನಿನಗೂ ನಾನೇ ಗತಿ; ಹಾಳೆ ನೋಡಿಯೇ ಹೇಳ್ತಿದ್ದೀನಿ ಅಂತ ನಂಬಿದೆ.

ಬಾವಿಯ ದೃಶ್ಯ ಬಂತು. ಮಾತು ಕೊಟ್ಟು ಬಿಟ್ಟುಹೋದ ಗಂಡಸು ವರ್ಷಾನುವರ್ಷದ ಮೇಲೆ ಬಂದು ನಿಂತಿದ್ದಾನೆ. ಆ ಹೆಂಗಸು ಕೊಡ ಕೆಳಗಿಟ್ಟು ಅವನಿಗೆ ಏನೋ ಅಂದಳು. ನಾನು ಮೈಕಿನಲ್ಲಿ ಅಂದೆ:

‘ಬಂದು ಅಲ್ಲಾಡ್ಸಿ ನೋಡ್ಬ್ಯಾಡ. ಅಟ್ಟದ ಮ್ಯಾಲಿನ ಕಾಯಿಗೆ ಒಳಗಿನ ನೀರು ಒಣಗಿಸ್ಕಳಾದು ಗೊತ್ತು.’

ಊಟದ ಹಾಲಿನ ತುಂಬ ಚಪ್ಪಾಳೆ. ನೀನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ, ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡೆ. ನಾನು ನೋಡ್ತಾನೇ ಇದ್ದೆ.

ಆ ಚೀಟಿ ಈಗ ಪುಸ್ತಕವಾಗಿದೆ. ನಲವತ್ತೊಂದನೇ ಪುಟದಲ್ಲಿ ವ್ಯಾಖ್ಯಾನ ಬೇರೆ: ‘ಇಲ್ಲಿ ಕಾಯಿ ಎಂದರೆ ಅಕ್ರೋಟು. ಚಳಿಗಾಲಕ್ಕೆಂದು ಅಟ್ಟದಲ್ಲಿ ಅಕ್ರೋಟು ಕೂಡಿಡುವುದು ಪರ್ಷಿಯದ ಹೆಂಗಸರ ವಾಡಿಕೆ. ಅದು ಅಲ್ಲಿ ಹೆಣ್ಣಿನ ಸಂಯಮದ ಸಂಕೇತ. ಇಷ್ಟು ಘನತೆಯಿಂದ ನೋವನ್ನು ನುಂಗುವ ಹೆಣ್ಣನ್ನು ನಮ್ಮ ಸಂಸ್ಕೃತಿ ಇನ್ನೂ ರೂಪಿಸಬೇಕಾಗಿದೆ.’

ಅಕ್ರೋಟು! ದಂಡಿನಶಿವರದಲ್ಲಿ ಹುಟ್ಟಿ, ಹತ್ತು ಸಾವಿರ ಕಾಯಿ ಇಟ್ಟ ಅಟ್ಟದ ಕೆಳಗೆ ಮಲಗಿ ಬೆಳೆದವನು ನೀನು. ಕಾಯಿ ಅಂದರೆ ಯಾವ ಕಾಯಿ ಅಂತ ನಮ್ಮೂರಲ್ಲಿ ಯಾರಾದರೂ ಕೇಳಿದ್ದುಂಟಾ? ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿತಾ ಅಂತ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಯಾವ ಪರ್ಷಿಯದ ವಾಡಿಕೆ? ಎಳೆಯದಿರುವಾಗಲೇ ಹತ್ತಿ ಅಲ್ಲಾಡಿಸಿದ್ದಕ್ಕೆ ನಿಮ್ಮಪ್ಪನ ಕೈಲಿ ಏಟು ತಿಂದಿದ್ದೆಯಲ್ಲ ನೀನು. ಬೆನ್ನಿಗೆ ಬಿದ್ದ ಏಟೂ ಮರೆತುಹೋಯ್ತಾ?

ಕರಡು ಓದಿದ ಮೇಲೆ ಆ ನಲವತ್ತು ಹಾಳೆ ಹುಡುಕಿದೆ. ಕಾರ್ಡಿನ ಅಳತೆ ನೋಡೋಕೆ ಕತ್ತರಿಸಿದ್ದು ಹೋಗಿ ಹದಿನೇಳು ಉಳಿದಿದ್ದವು. ನಮ್ಮ ಪುಣ್ಯಕ್ಕೆ ಬಾವಿಯ ಹಾಳೆ ಇತ್ತು. ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಹೇಳುವ ಭಾನುಪ್ರಿಯಾ ಮೇಡಂ ಹತ್ತಿರ ತಗೊಂಡು ಹೋದೆ. ಓದಿ ಹೇಳಿದರು: ‘ನೀರು ಕುಡಿ. ಬಿಸಿಲಿದೆ.’

‘ಅಷ್ಟೇನಾ ಮೇಡಂ?’

‘ಅಷ್ಟೇ ಕಣ್ರೀ. ಯಾಕೆ, ಇನ್ನೇನಾದ್ರೂ ಇರ್ಬೇಕಿತ್ತಾ?’

ಬೇಕಿರಲಿಲ್ಲ. ಬಿಟ್ಟುಹೋದವನಿಗೆ ನೀರು ಕುಡಿ, ಬಿಸಿಲಿದೆ ಅಂತಾಳಲ್ಲ, ಅದಕ್ಕಿಂತ ದೊಡ್ಡ ಮಾತು ನಮ್ಮ ಯಾವ ಮೈಕಿನಿಂದಲೂ ಬರಲ್ಲ. ಅವಳ ಬಾಯಿಗೆ ನನ್ನ ಮಾತು ತುರುಕಿ ಆ ಹೆಣ್ಣಿಗೆ ಅನ್ಯಾಯ ಮಾಡಿದೆ. ನೀನು ಅದಕ್ಕೆ ಅಡಿಟಿಪ್ಪಣಿ ಬರೆದೆ. ಬೇರೆ ದೇಶದವರು ಬಾಯಿ ಬಿಟ್ಟರೆ ನಮಗೆ ಕೇಳುವುದು ನಮ್ಮದೇ ದನಿ. ನಿನ್ನ ಪುಸ್ತಕದಿಂದ ನಾನು ಕಲಿತದ್ದು ಇಷ್ಟೇ.

ಆದ್ದರಿಂದ, ಆ ಮಾತು ಸಿನಿಮಾದಲ್ಲಿ ಇಲ್ಲ, ನಾನು ಹುಟ್ಟಿಸಿದ್ದು, ತೆಗೆದುಹಾಕು. ಯಾರಾದರೂ ಆ ಚಿತ್ರ ನೋಡಿದವನು ಎದ್ದು ನಿಂತು ‘ಸಾರ್, ಈ ಅಕ್ರೋಟು ಎಲ್ಲಿಂದ ಬಂತು?’ ಅಂದರೆ ವೇದಿಕೆ ಮೇಲೆ ನಿನ್ನ ಮುಖ ಎಲ್ಲಿಟ್ಟುಕೊಳ್ತೀಯ? ಆ ಜಾಗಕ್ಕೆ ಏನು ಹಾಕಲಿ ಅಂತ ಕೇಳಬೇಡ. ಖಾಲಿ ಬಿಡು. ಫಿನ್‌ಲೆಂಡಿನ ಹಿಮ ಅಂತ ತಿಳೀತಾರೆ.

ಉಳಿದ ಪುಟಗಳಲ್ಲಿ ಒತ್ತಕ್ಷರ, ಚುಕ್ಕಿ, ಕೊಂಬು ಎಲ್ಲ ತಿದ್ದಿದ್ದೀನಿ. ಅಭಿಪ್ರಾಯಗಳನ್ನು ತಿದ್ದಿಲ್ಲ, ಅಷ್ಟು ಕೆಂಪು ಮಸಿ ನನ್ನಲ್ಲಿರಲಿಲ್ಲ. ನಿನ್ನ ಮಗಳು ಸೌಮ್ಯಳಿಗೆ ಪರೀಕ್ಷೆ ಅಂದಿದ್ದೆ; ಅವಳು ಓದಿದ್ದೇ ಬರಲಿ, ಬಂದದ್ದೇ ಬರೆಯಲಿ, ಬರೆದದ್ದು ಮೇಷ್ಟ್ರಿಗೆ ಅರ್ಥವಾಗಲಿ ಅಂತ ಈ ಮಾವನ ಹಾರೈಕೆ ಹೇಳು. ನಿನಗೂ ಆರೋಗ್ಯ ಚೆನ್ನಾಗಿರಲಿ. ಶಿಲ್ಪ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟಿದ್ದಾಳೆ, ಕಟ್ಟಿನಲ್ಲಿದೆ. ತಿನ್ನುವಾಗ ಯಾವ ದೇಶದ ಸಂಕೇತ ಅಂತ ಯೋಚಿಸದೆ ತಿನ್ನು.

ಇನ್ನೂ ನಿನ್ನ ಗೆಳೆಯನೇ ಆಗಿರುವ,
ಹನುಮಂತರಾಜು

ಮ.ವಿ.: ‘ನಾನು ಹುಟ್ಟಿಸಿದ್ದು’ ಅಂತ ಮೇಲೆ ಬರೆದದ್ದು ಸುಳ್ಳು. ಹೊಡೆದು ಹಾಕೋಣ ಅಂತಿದ್ದೆ, ಕೈ ಬರಲಿಲ್ಲ.

ನೀನು ಸಂಬಂಧ ಬೇಡ ಅಂದ ಹದಿನೈದು ದಿನಕ್ಕೆ ಮೈಸೂರಿಂದ ನನಗೆ ಕಾಗದ ಬರೆದಿದ್ದೆ. ‘ಗಂಗಾ ಹೇಗಿದ್ದಾಳೆ? ತುಂಬಾ ಅಳ್ತಾಳಾ? ನಾನು ಬಂದು ಒಂದು ಸಲ ಮಾತಾಡಿ ನೋಡಲಾ?’ ಗಂಗಲಕ್ಷ್ಮಿ ಏಣಿ ಮೇಲೆ ನಿಂತು ಅಟ್ಟದಿಂದ ಕಾಯಿ ಇಳಿಸ್ತಿದ್ದಳು. ಕೆಳಗೆ ನಿಂತು ಓದಿ ಹೇಳಿದೆ. ಕೈಲಿದ್ದ ಕಾಯಿ ಹಿಡಕೊಂಡೇ ಆ ಮಾತು ಅಂದಳು, ನೀನು ಬೆನ್ನುಪುಟಕ್ಕೆ ಹಾಕಿರುವುದನ್ನೇ, ಅಕ್ಷರ ಬದಲಿಲ್ಲದೆ. ಆಮೇಲೆ, ‘ಬ್ಯಾಡ ಅಣ್ಣ, ಏನೂ ಬರೀಬ್ಯಾಡ. ನಾನು ಹಿಂಗಂದೆ ಅಂತ ಅವ್ರಿಗೆ ಯಾವತ್ತೂ ಹೇಳ್ಬ್ಯಾಡ’ ಅಂದಳು. ಹದಿನೆಂಟು ವರ್ಷ ಹೇಳಲಿಲ್ಲ. ಅವತ್ತು ನೀನು ಮೂರನೇ ಸಾಲಿನಲ್ಲಿ ಕೂತು ಯಾವಳೋ ಪರದೇಶದವಳ ನೋವಿಗೆ ಮೂಗು ಸೇದುವುದು ಕಂಡು ಬಾಯಿ ನಿಲ್ಲಲಿಲ್ಲ.

ಅವಳು ಐದನೇ ಸಾಲಿನಲ್ಲಿದ್ದಳು, ಗಂಡ ಶಿವರಾಜುವಿನ ಪಕ್ಕ. ಅವನೂ ಚಪ್ಪಾಳೆ ತಟ್ಟಿದ, ಪಾಪ, ಅವನಿಗೇನು ಗೊತ್ತು. ಅವಳು ಎದ್ದು ಹೋದಳು. ಆವತ್ತಿಂದ ನನ್ನ ಜತೆ ಮಾತು ಬಿಟ್ಟಳು. ಹಬ್ಬಕ್ಕೆ ಬರ್ತಾಳೆ, ಶಿಲ್ಪನ ಜತೆ ನಗ್ತಾಳೆ, ನಾನು ಒಳಗೆ ಹೋದರೆ ಹಿತ್ತಿಲಿಗೆ ಹೋಗ್ತಾಳೆ. ನೀನು ಮಾಡಿದ್ದನ್ನು ಅವಳು ಆರೇ ತಿಂಗಳಿಗೆ ದಾಟಿದಳು. ನಾನು ಮಾಡಿದ್ದನ್ನು ದಾಟಲಿಲ್ಲ.

ನಿನ್ನೆ ಮೈದುನನ ಮದುವೆ ಕಾರ್ಡು ನೋಡೋಕೆ ಪ್ರೆಸ್ಸಿಗೆ ಬಂದಳು. ತಪ್ಪುಗಳನ್ನು ಬೆರಳಲ್ಲೇ ತೋರಿಸಿದಳು. ಮೇಜಿನ ಮೇಲೆ ನಿನ್ನ ಕರಡು ಬಿದ್ದಿತ್ತು, ಆ ಪುಟವೇ ಮೇಲಿತ್ತು. ನಿಂತುಕೊಂಡೇ ಓದಿದಳು, ವ್ಯಾಖ್ಯಾನದ ಸಮೇತ. ಆಮೇಲೆ ಮೂರು ವರ್ಷದ ಮೇಲೆ ನನ್ನ ಮುಖ ನೋಡಿ ಕೇಳಿದಳು.

‘ಅಕ್ರೋಟಲ್ಲಿ ನೀರಿರ್ತದೇನಣ್ಣ?’

‘ಇಲ್ಲ ಕಣೇ.’

‘ಹಂಗಾದ್ರೆ ಯಾರ ಮಾತು ಅಂತ ಅವ್ರಿಗೆ ತಿಳಿದಿಲ್ಲ ಬುಡು’ ಅಂದಳು. ಆ ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಹೋದಳು. ಕಟ್ಟು ಬಿಚ್ಚಿದಾಗ ನಲವತ್ತಾದ ಮೇಲೆ ನಲವತ್ತೆರಡು ಬರುತ್ತೆ. ಹುಡುಕಬೇಡ.