ಅಪ್ಪನಿಗೆ ಕೊಟ್ಟ ತುಂಡು

ಬೈತಖೋಲ, ಕಾರವಾರ
೧೧ ನವೆಂಬರ್ ೨೦೨೪

ಪ್ರೀತಿಯ ದೇವಿದಾಸಣ್ಣಾ,

ಹೇಗಿದ್ದೀಯ? ಹಡಗು ಎಳೆಯುವ ನಿಮ್ಮ ಟಗ್ಗಿನ ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾನೂ ಆಯಿಯೂ ಇದ್ದೇವೆ. ಅಪ್ಪನ ದೋಣಿಯನ್ನು ಹುಲಿಯಾ ಮಾಮ ದಡಕ್ಕೆ ಎಳೆಸಿ ತೆಂಗಿನ ಮಡಲು ಮುಚ್ಚಿಸಿದ್ದಾನೆ. ಲಿವರ್ ಕೊಡಲು ನಿನ್ನ ರಕ್ತದ ಗುಂಪು ಅಪ್ಪನಿಗೆ ಹೊಂದದಿದ್ದದ್ದು ನಿನ್ನ ತಪ್ಪಲ್ಲ, ಅದನ್ನೇ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೊನ್ನೆ ಆಯಿಯ ಜೊತೆ ಮಂಗಳೂರಿಗೆ ಸ್ಕ್ಯಾನಿಂಗಿಗೆ ಹೋಗಿದ್ದೆ. ಅಪ್ಪನಿಗೆಂದು ಅರ್ಧಕ್ಕಿಂತ ಹೆಚ್ಚು ಕೊಯ್ದು ಕೊಟ್ಟಿದ್ದ ನನ್ನ ಲಿವರ್ ಹೆಚ್ಚುಕಡಿಮೆ ಮೊದಲಿನಷ್ಟೇ ಆಗಿದೆಯಂತೆ. ಉಳಿದ ತುಂಡಿನ ಜೀವಕೋಶಗಳು ತಮ್ಮೊಳಗಿನದನ್ನೆಲ್ಲ ಇಮ್ಮಡಿ ಮಾಡಿಕೊಂಡು, ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುತ್ತವಂತೆ. ಸಾಕಾದಷ್ಟು ಬೆಳೆದ ಮೇಲೆ ತಾವೇ ನಿಲ್ಲುತ್ತವಂತೆ. ಡಾಕ್ಟರು ಖುಷಿಯಿಂದಲೇ ಹೇಳಿದರು. ನನಗೆ ಅಳು ಬಂತು. ಅಪ್ಪನನ್ನು ಸುಡಲು ಒಯ್ದ ದಿನ ನಾನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದೆನಲ್ಲ, ಆ ಹೊತ್ತಿಗೂ ಅವು ನಿಲ್ಲದೆ ಬೆಳೆಯುತ್ತಿದ್ದವು.

ಆಯಿ ಕೇಳಿಯೇಬಿಟ್ಟಳು, "ಇವಳದ್ದು ಬೆಳೀತು ಅಂದ್ರಿ. ಅವ್ರ ಹೊಟ್ಟೆಲಿಟ್ಟದ್ದು ಎಂತಕ್ಕೆ ಬೆಳಿಲಿಲ್ಲ? ಒಂದೇ ಅಲ್ದಾ ಅದು?" ಅದೂ ಬೆಳೆಯಲು ಶುರುಮಾಡಿತ್ತು, ರಕ್ತಕ್ಕೆ ತಗುಲಿದ ಸೋಂಕು ಸಮಯ ಕೊಡಲಿಲ್ಲ ಎಂದರು ಡಾಕ್ಟರು. ಆಯಿ ತಲೆಯಾಡಿಸಿದಳು, ನಂಬಲಿಲ್ಲ. ಬಸ್ಸು ಅಂಕೋಲೆ ದಾಟಿದ ಮೇಲೆ ನನ್ನ ಗಾಯದ ಮೇಲೆ ಮೆಲ್ಲಗೆ ಕೈಯಿಟ್ಟವಳು ಕಾರವಾರ ಬಂದರೂ ತೆಗೆಯಲಿಲ್ಲ. "ಮಗಳ ಹೊಟ್ಟೆ ಕೊಯ್ಸಿ ನಾ ಬದ್ಕೂದು ಬ್ಯಾಡ" ಎಂದು ಅಪ್ಪ ಹಟ ಹಿಡಿದಾಗ ಅತ್ತು ಕರೆದು ಒಪ್ಪಿಸಿದವಳು ಅವಳೇ ಅಲ್ಲವೇ.

ಹುಲಿಯಾ ಮಾಮ ನಿನ್ನನ್ನು ಕೇಳಿದ್ದಾನೆ. ಆಯಿಯ ಆಶೀರ್ವಾದ ನಿನಗಿದೆ. ನೀರಿನ ಮೇಲೆ ದೇವರು ನಿನ್ನನ್ನು ಸುಖವಾಗಿಡಲಿ.

ನಿನ್ನ ತಂಗಿ,
ಲತಾ

ತಾ.ಕ.: ಫೋನಿನಲ್ಲಿ ಹೇಳೋಣವೆಂದರೆ ಆಯಿ ಪಕ್ಕದಲ್ಲೇ ಇರುತ್ತಾಳೆ. ಸದಾಶಿವಗಡದ ಕಿಶೋರನ ಮನೆಯವರು ನಿಶ್ಚಯವಾಗಿದ್ದ ನಮ್ಮ ಮದುವೆ ಬೇಡ ಎಂದಿದ್ದಾರೆ. ಹೊಟ್ಟೆ ಕೊಯ್ಸಿಕೊಂಡವಳಿಗೆ ಮಕ್ಕಳಾಗುವುದಿಲ್ಲವಂತೆ. ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನೇ ಅವರ ಮನೆಗೆ ಹೋಗಿ ತಿಳಿಸಿದರೂ ಕೇಳಲಿಲ್ಲ; ಕಿಶೋರ ತಲೆ ತಗ್ಗಿಸಿ ಕೂತಿದ್ದ. ಆಯಿಗೆ ಇನ್ನೂ ಗೊತ್ತಿಲ್ಲ. ಗೊತ್ತಾದರೆ ಅಪ್ಪನನ್ನು ಒಪ್ಪಿಸಿದ್ದಕ್ಕೆ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ರಜೆ ಸಿಕ್ಕ ಕೂಡಲೇ ಬಾ, ನೀನೇ ಅವಳಿಗೆ ಹೇಳು. ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ ಎಂಬುದನ್ನೂ ಹೇಳು. ನಾನು ಹೇಳಿದರೆ ನಂಬುವುದಿಲ್ಲ.